ತುಕ್ಕು ಹಿಡಿಯದ ನಟ್ಟಿನ ಬೆನ್ನು ಹತ್ತಿ

ಶಿರಾಲಿಯಲ್ಲಿ ಕಬ್ಬಿಣಕ್ಕೆ ಆಯಸ್ಸು ಕಡಿಮೆ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಘಟ್ಟ. ನಡುವಿನ ಸಣ್ಣ ಪಟ್ಟಿಯಲ್ಲೇ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು, ಚಿತ್ರಾಪುರ ಮಠ, ಗದ್ದೆ, ತೆಂಗಿನ ತೋಟ, ನಮ್ಮೆಲ್ಲರ ಮನೆ. ಗಾಳಿ ಸಮುದ್ರದ ಕಡೆಯಿಂದ ಬೀಸಿದರೆ ಅದರ ಜೊತೆ ಉಪ್ಪೂ ಬರುತ್ತದೆ. ಬಯಲುಸೀಮೆಯಲ್ಲಿ ಹತ್ತು ವರ್ಷ ಬರುವ ಗೇಟಿನ ತಿರುಗಣೆ ಇಲ್ಲಿ ಮೂರನೇ ಮಳೆಗಾಲಕ್ಕೆ ಕಿರ್ರೆನ್ನಲು ಶುರು. ಸೈಕಲ್ ಚೈನು, ಗ್ಯಾಸ್ ಒಲೆಯ ಕಾಲು, ಬಾವಿಯ ರಾಟೆ, ಶಾಲೆಯ ಗಂಟೆಯ ಕೊಂಡಿ ಎಲ್ಲದರದ್ದೂ ಒಂದೇ ಕತೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸಿಕ್ಕಿದರೆ ತುಕ್ಕು ಬರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಆ ನೀರಿನಲ್ಲಿ ಉಪ್ಪು ಬೆರೆತಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತುಕ್ಕಿನ ಕೆಲಸವೂ ಬಿರುಸಾಗುತ್ತದೆ. ಕರಾವಳಿಯವರಿಗೆ ಇದನ್ನು ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ.

ಹೀಗಿರುವ ಊರಿನಲ್ಲಿ ಒಂದು ಚಿಕ್ಕ ವಸ್ತು ಸದ್ದಿಲ್ಲದೆ ಮನೆ, ದೋಣಿ, ತೋಟ, ಕಾರ್ಖಾನೆಗಳ ಒಳಗೆಲ್ಲ ಸೇರಿಕೊಂಡಿದೆ. ಪ್ಲಾಸ್ಟಿಕ್ಕಿನ ವಿಂಗ್ ನಟ್, ಅಂದರೆ ಎರಡು ಕಿವಿ ಇರುವ ರೆಕ್ಕೆ ನಟ್ಟು. ಈ ಸಲ ನಾವು ಅದರ ಬೆನ್ನು ಹತ್ತಿದ್ದೇವೆ.

ನಾವು ಜಿಲ್ಲಾ ಪತ್ರಿಕೆಯ ಸ್ಟ್ರಿಂಗರ್. ಸುದ್ದಿಯ ಲೆಕ್ಕದಲ್ಲಿ ದುಡ್ಡು. ಅಪಘಾತ, ಗುಡ್ಡ ಕುಸಿತ, ಜಾತ್ರೆ, ಮಂತ್ರಿಗಳ ಭೇಟಿ ಇವಕ್ಕೆ ಡೆಸ್ಕಿನಲ್ಲಿ ಬೆಲೆ ಇದೆ. ನಟ್ಟಿಗೆ ಇಲ್ಲ. 'ನಟ್ಟಿನ ಮೇಲೆ ಒಂದು ಸ್ಟೋರಿ ಮಾಡ್ಲಾ ಸರ್' ಎಂದು ಕೇಳಿದರೆ ಆ ಕಡೆಯಿಂದ ಬರುವ ಮೌನವನ್ನು ನಮ್ಮಂಥವರೆಲ್ಲ ಕೇಳಿ ಬಲ್ಲರು. ಆದರೆ ನಮ್ಮ ಡಿಪ್ಲೊಮಾದಲ್ಲಿ ಕಲಿತದ್ದು ಬೇರೆ: ಜನ ದಿನವೂ ಕೈಯಲ್ಲಿ ಮುಟ್ಟುವ ವಸ್ತುವಿನಲ್ಲಿ ಸುದ್ದಿ ಇರುತ್ತದೆ, ಹುಡುಕುವ ವ್ಯವಧಾನ ಬೇಕು. 1988ರಲ್ಲಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಶುರುವಾದಾಗ ಕೃಷಿಕರ ಕೈಗೇ ಲೇಖನಿ ಕೊಟ್ಟರಲ್ಲ, ಅದರ ಹಿಂದೆ ಇದ್ದದ್ದೂ ಇದೇ ನಂಬಿಕೆ. ಒಂದು ದೋಟಿ, ಒಂದು ಪಂಪು, ಒಂದು ಕಸಿ ಚಾಕು ಕೂಡ ಪುಟ ತುಂಬುವ ವಿಷಯ ಎಂದು ಆ ಪತ್ರಿಕೆ ತೋರಿಸಿಕೊಟ್ಟಿತು.

ಮೊದಲಿಗೆ ವಸ್ತುವಿನ ಪರಿಚಯ. ಸಾಮಾನ್ಯ ನಟ್ಟು ಆರು ಮೂಲೆಯದ್ದು, ಬಿಗಿಯಲು ಸ್ಪ್ಯಾನರ್ ಬೇಕು. ರೆಕ್ಕೆ ನಟ್ಟಿಗೆ ಎರಡು ಕಡೆ ಕಿವಿ ಇರುತ್ತದೆ, ಹೆಬ್ಬೆರಳು ಮತ್ತು ತೋರುಬೆರಳು ಸಾಕು. ಕಿವಿ ಉದ್ದವಾದಷ್ಟೂ ಬೆರಳಿಗೆ ಹಿಡಿತ ಹೆಚ್ಚು. ದಿನವೂ ಬಿಚ್ಚಿ ಹಾಕಬೇಕಾದ, ಆದರೆ ದೊಡ್ಡ ಭಾರ ಬೀಳದ ಜಾಗಕ್ಕೆಂದೇ ಹುಟ್ಟಿದ ನಟ್ಟು ಇದು. ಅಂಗಡಿಯಲ್ಲಿ ಇದನ್ನು ಎಂ5, ಎಂ6, ಎಂ8 ಎಂದು ಅಳತೆಯ ಮೇಲೆ ಕೇಳುತ್ತಾರೆ. ಎಂ6 ಎಂದರೆ 6 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಹೊಂದುವಂಥದ್ದು. ಸಾಮಾನ್ಯ ಎಂ6ರಲ್ಲಿ ಒಂದು ಸುತ್ತು ತಿರುಗಿಸಿದರೆ ನಟ್ಟು ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ, ಎಂ8ರಲ್ಲಿ ಒಂದೂಕಾಲು ಮಿಲಿಮೀಟರ್.

ನಿಮ್ಮ ಮನೆಯಲ್ಲಿ ಇದು ಎಲ್ಲಿದೆ ಎಂದು ನೋಡಬೇಕಿದ್ದರೆ ಕಮೋಡಿನ ಹಿಂಬದಿಗೆ ಬಗ್ಗಿ ಕೈ ಹಾಕಿ. ಸೀಟಿನ ಮುಚ್ಚಳವನ್ನು ಹಿಡಿದಿಡುವ ಎರಡು ಬೋಲ್ಟುಗಳ ಕೆಳಗೆ ಹೆಚ್ಚಾಗಿ ಇದೇ ನಟ್ಟು ಕೂತಿರುತ್ತದೆ. ಅಲ್ಲಿ ಕಬ್ಬಿಣ ಹಾಕಿದ್ದರೆ ನೀರು, ಆಸಿಡ್ ಬಿದ್ದು ವರ್ಷದೊಳಗೆ ಕಂದು ಬಣ್ಣದ ಕಲೆ ಇಳಿದಿರುತ್ತಿತ್ತು. ಅತಿಯಾಗಿ ಬಿಗಿದಿದ್ದರೆ ಪಿಂಗಾಣಿಯೇ ಬಿರುಕು ಬಿಡುತ್ತಿತ್ತು. ಪ್ಲಾಸ್ಟಿಕ್ ಅಲ್ಲಿಗೆ ಬಂದದ್ದು ಅಗ್ಗವೆಂಬ ಒಂದೇ ಕಾರಣಕ್ಕಲ್ಲ.

ನಮಗೆ ಈ ನಟ್ಟಿನ ಮೇಲೆ ಗಮನ ಹರಿದದ್ದು 2022ರ ಆಗಸ್ಟಿನಲ್ಲಿ. ಆ ತಿಂಗಳ 2ನೇ ತಾರೀಕು ಭಟ್ಕಳ ತಾಲೂಕಿಗೆ ಸುರಿದ ಮಳೆಯನ್ನು ಇಲ್ಲಿಯವರು ಮರೆಯುವುದಿಲ್ಲ. ರಾತ್ರಿ ಬೆಳಗಾಗುವುದರೊಳಗೆ 500 ಮಿಲಿಮೀಟರಿಗೂ ಹೆಚ್ಚು ಮಳೆ. ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ಒಂದೇ ಕುಟುಂಬದ ನಾಲ್ವರು ತೀರಿಹೋದರು. ಪೇಟೆಯ ಅಂಗಡಿಗಳಿಗೆ ಕೆಸರು ನೀರು ನುಗ್ಗಿತು. ಸಾವಿನ ಸುದ್ದಿ, ಪರಿಹಾರದ ಸುದ್ದಿ ಎಲ್ಲ ಕಳಿಸಿ ಮುಗಿದ ಮೇಲೆ ನಾವು ನಷ್ಟದ ಲೆಕ್ಕ ಬರೆದುಕೊಳ್ಳಲು ಅಂಗಡಿ ಅಂಗಡಿ ಹತ್ತಿ ಇಳಿದೆವು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ವಯಸ್ಸಾದ ಮಾಲೀಕರು ನೆಲದ ಮೇಲೆ ಗೋಣಿಚೀಲ ಹಾಸಿ ಕೂತಿದ್ದರು. ಮುಂದೆ ಎರಡು ರಾಶಿ. ಒಂದರಲ್ಲಿ ಕಬ್ಬಿಣದ ನಟ್ಟು, ಬೋಲ್ಟು, ಮೊಳೆ, ವಾಷರ್. ವಾರ ಕಳೆಯುವುದರೊಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಕೆಂಪು ಹೆಂಟೆಯಂತಾಗಿತ್ತು. ಇನ್ನೊಂದು ರಾಶಿ ಬಕೆಟ್ಟಿನ ನೀರಿನಲ್ಲಿತ್ತು. ಅದರಲ್ಲಿದ್ದದ್ದು ಪ್ಲಾಸ್ಟಿಕ್ ನಟ್ಟು, ಪೈಪಿನ ಬೆಂಡು, ವೈರಿನ ಕ್ಲಿಪ್ಪು. ಮೊಮ್ಮಗಳು ತೊಳೆದು ತೊಳೆದು ತಟ್ಟೆಗೆ ಹಾಕುತ್ತಿದ್ದಳು.

'ಎಷ್ಟು ನಷ್ಟ ಆಯ್ತು ಮಾಮಾ?' ಅಂತ ಕೇಳಿದೆವು.

'ಆ ರಾಶಿ ಗುಜರಿಗೆ ಹೋಯ್ತು ತಮ್ಮಾ, ತೂಕದ ಲೆಕ್ಕದಲ್ಲಿ. ಈ ರಾಶಿ ನಾಳೆ ಮಾರಾಟಕ್ಕೆ. ನಮ್ಮ ಅಪ್ಪ ಅಂಗಡಿ ಶುರು ಮಾಡಿದಾಗ ಪ್ಲಾಸ್ಟಿಕ್ ಅಂದ್ರೆ ಆಟದ ಸಾಮಾನು ಅಂತಿದ್ರು. ಈಗ ನೋಡು, ಮಳೆಯಲ್ಲಿ ಉಳಿದದ್ದು ಅದೇ.'

ಅವರು ಅದನ್ನು ಹೆಮ್ಮೆಯಿಂದಲೂ ಹೇಳಲಿಲ್ಲ, ಬೇಸರದಿಂದಲೂ ಹೇಳಲಿಲ್ಲ. ಲೆಕ್ಕ ಹೇಳಿದರು, ಅಷ್ಟೇ. ನಾವು ಬರೆದುಕೊಂಡೆವು. ಪತ್ರಿಕೆಯಲ್ಲಿ ಬಂದದ್ದು ಒಟ್ಟು ನಷ್ಟದ ಅಂದಾಜು ಮಾತ್ರ.

ಪ್ಲಾಸ್ಟಿಕ್ ಎಂದು ಒಂದೇ ಮಾತಿನಲ್ಲಿ ಹೇಳಿದರೂ ನಟ್ಟಿನ ವಿಷಯದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನೈಲಾನ್, ಇನ್ನೊಂದು ಪಾಲಿಪ್ರೊಪಿಲೀನ್. ನೈಲಾನನ್ನು 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವಾಲೇಸ್ ಕರೋದರ್ಸ್ ತಂಡ ತಯಾರಿಸಿತು. ಅಂಗಡಿಗೆ ಮೊದಲು ಬಂದದ್ದು 1938ರಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಆಮೇಲೆ ಕಾಲುಚೀಲ, ಪ್ಯಾರಾಚೂಟು, ಹಗ್ಗ. ನಮ್ಮ ಕರಾವಳಿಗೆ ಅದು ಬಂದದ್ದು ಬಲೆಯಾಗಿ. ಹತ್ತಿಯ ಬಲೆಯನ್ನು ಒಣಗಿಸಬೇಕಿತ್ತು, ಬಣ್ಣ ಕಟ್ಟಬೇಕಿತ್ತು, ಆದರೂ ಕೊಳೆಯುತ್ತಿತ್ತು. ನೈಲಾನ್ ಬಲೆ ಕೊಳೆಯಲಿಲ್ಲ. ಮೀನುಗಾರರ ಮನೆಯ ಹೆಂಗಸರಿಗೂ ಗಂಡಸರಿಗೂ ದಿನದ ಎಷ್ಟೋ ಗಂಟೆ ಉಳಿಯಿತು. ಅದೇ ನೈಲಾನನ್ನು ಕರಗಿಸಿ ಅಚ್ಚಿಗೆ ಒತ್ತಿದರೆ ನಟ್ಟು.

ನೈಲಾನಿನ ಸಾಂದ್ರತೆ 1.14, ಉಕ್ಕಿನದು 7.85. ಅಂದರೆ ಒಂದೇ ಗಾತ್ರದ ನಟ್ಟು ತೂಕದಲ್ಲಿ ಏಳರಲ್ಲೊಂದು ಪಾಲು. ಪಾಲಿಪ್ರೊಪಿಲೀನ್ ಇನ್ನೂ ಹಗುರ, 0.9. ಎರಡನ್ನೂ ಗುರುತಿಸಲು ಅಂಗಡಿಯ ಮಾಮ ನಮಗೆ ಒಂದು ಉಪಾಯ ಹೇಳಿಕೊಟ್ಟರು: ಲೋಟದ ನೀರಿಗೆ ಹಾಕು. ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ನೈಲಾನ್. ಆಸಿಡ್, ಬ್ಯಾಟರಿ ನೀರು ಬೀಳುವ ಕಡೆ ತೇಲುವುದನ್ನು ಹಾಕಬೇಕು, ಯಾಕೆಂದರೆ ಆಸಿಡ್ ನೈಲಾನನ್ನು ತಿನ್ನುತ್ತದೆ. ಎಣ್ಣೆ, ಡೀಸೆಲ್ ತಾಗುವ, ಸ್ವಲ್ಪ ಗಟ್ಟಿ ಹಿಡಿತ ಬೇಕಾದ ಕಡೆ ಮುಳುಗುವುದು.

ಇನ್ನು ಕೈಗಾರಿಕೆಯ ಮಾತು. ನಮ್ಮಲ್ಲಿ ದೊಡ್ಡ ಕಾರ್ಖಾನೆ ಇಲ್ಲದ ಕಾರಣ ಇದಕ್ಕೂ ನಮಗೂ ಏನು ಸಂಬಂಧ ಎನ್ನಿಸಬಹುದು. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಕೈಗಾರಿಕೆಗಳೆಲ್ಲ ಹೆಚ್ಚಾಗಿ ಉಪ್ಪುನೀರಿನ ಸುತ್ತಲೇ ಇರುವಂಥವು. ಐಸ್ ಪ್ಲಾಂಟನ್ನೇ ನೋಡಿ. ಮೀನಿಗೆ ಬೇಕಾದ ಐಸ್ ಗಡ್ಡೆ ತಯಾರಾಗುವುದು ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ಡಬ್ಬಗಳನ್ನು ಮುಳುಗಿಸಿಟ್ಟು. ತಂಪು ಮಾಡಲು ಅಮೋನಿಯಾ ಹರಿಸುತ್ತಾರೆ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಹಾಗಾದರೆ ಹಿತ್ತಾಳೆ ಹಾಕೋಣ ಎಂದರೆ ಅಮೋನಿಯಾ ಹಿತ್ತಾಳೆಯನ್ನು ಒಳಗಿಂದಲೇ ಸೀಳುತ್ತದೆ. ಇಂಥ ಕಡೆ ಪದೇಪದೇ ತೆಗೆಯುವ ಮುಚ್ಚಳ, ಕವಚಗಳಿಗೆ ಪ್ಲಾಸ್ಟಿಕ್ ನಟ್ಟು ಒಗ್ಗುತ್ತದೆ. ಒತ್ತಡದ ಪೈಪಿಗೆ ಮಾತ್ರ ಅದು ಖಂಡಿತ ಅಲ್ಲ, ಅಲ್ಲಿ ಉಕ್ಕೇ ಬೇಕು.

ಅಘನಾಶಿನಿ ಅಳಿವೆಯ ಸುತ್ತಿನ ಗಜನಿಯಲ್ಲಿ ಸಿಗಡಿ ಹೊಂಡಗಳಿವೆ. ಹೊಂಡದಲ್ಲಿ ಆಮ್ಲಜನಕ ಕಡಿಮೆಯಾದರೆ ಸಿಗಡಿ ಒಂದೇ ರಾತ್ರಿಯಲ್ಲಿ ಸಾಯುತ್ತದೆ. ಅದಕ್ಕೆ ನೀರು ಚಿಮ್ಮಿಸುವ ಚಕ್ರ ತಿರುಗುತ್ತಿರಬೇಕು. ಆ ಚಕ್ರದ ರೆಕ್ಕೆ, ತೇಲುವ ತೊಟ್ಟಿಗಳೆಲ್ಲ ಪ್ಲಾಸ್ಟಿಕ್ಕಿನವು, ದಿನವಿಡೀ ಸವಳು ನೀರಿನಲ್ಲಿ ನೆನೆಯುವಂಥವು. ಬೋಲ್ಟೊಂದು ತುಕ್ಕು ಹಿಡಿದು ಕಚ್ಚಿಕೊಂಡರೆ ನಡುರಾತ್ರಿ ಟಾರ್ಚ್ ಹಿಡಿದು ಬಿಚ್ಚಲು ಒದ್ದಾಡಬೇಕು. ಬೆರಳಿನಲ್ಲೇ ಬಿಚ್ಚುವ ಕವಚದ ಬೆಲೆ ಅಂಥ ರಾತ್ರಿಯಲ್ಲಿ ಗೊತ್ತಾಗುತ್ತದೆ.

ದೋಣಿಗೆ ಬನ್ನಿ. ಅಳ್ವೆಕೋಡಿ, ತೆಂಗಿನಗುಂಡಿ ಕಡೆಯ ಬೋಟುಗಳಲ್ಲಿ ಜಿಪಿಎಸ್, ಮೀನು ತೋರಿಸುವ ಫಿಶ್ ಫೈಂಡರ್ ಬಂದಿವೆ. ಅವನ್ನು ಸ್ಟ್ಯಾಂಡಿಗೆ ಹಿಡಿದಿಡುವುದು ಎರಡು ಬದಿಯ ಪ್ಲಾಸ್ಟಿಕ್ ತಿರುಪು. ದಡಕ್ಕೆ ಬಂದ ಕೂಡಲೇ ಬಿಚ್ಚಿ ಮನೆಗೆ ಒಯ್ಯಬೇಕು, ಹಾಗಾಗಿ ಕೈಯಲ್ಲೇ ಬಿಚ್ಚುವಂತಿರಬೇಕು. ಇನ್ನೊಂದು ಕಾರಣವನ್ನು ಒಬ್ಬ ತಾಂಡೇಲರು ಹೇಳಿದರು. ಜಿಪಿಎಸ್ ಕೆಟ್ಟರೆ ದಾರಿ ತೋರಿಸುವುದು ಹಳೇ ದಿಕ್ಸೂಚಿಯೇ. ಅದರ ಪಕ್ಕದಲ್ಲಿ ಕಬ್ಬಿಣ ಇದ್ದರೆ ಮುಳ್ಳು ಆ ಕಡೆ ವಾಲುತ್ತದೆ. 'ಸಣ್ಣ ನಟ್ಟು ಅಂತ ನೀವು ಹೇಳ್ತ್ರಿ. ಮುಳ್ಳು ಒಂಚೂರು ತಪ್ಪಿದ್ರೆ ನಾವು ಬಂದರಕ್ಕೆ ಬರೂದಿಲ್ಲ, ಬಂಡೆಗೆ ಹೋಗ್ತ್ರು' ಎಂದರು. ಹಾಗಾಗಿ ದಿಕ್ಸೂಚಿಯ ಸುತ್ತ ಹಿತ್ತಾಳೆ ಇಲ್ಲವೇ ಪ್ಲಾಸ್ಟಿಕ್. ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲೂ ಇದೇ ಗುಣಕ್ಕೆ ನೈಲಾನ್ ಬೋಲ್ಟು, ನಟ್ಟು ಬಳಸುತ್ತಾರೆ. ಅಲ್ಲಿನ ದೊಡ್ಡ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ನೈಲಾನನ್ನು ಮುಟ್ಟುವುದಿಲ್ಲ.

ಎರಡು ಬೇರೆ ಬೇರೆ ಲೋಹ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ. ಎರಡರಲ್ಲಿ ಒಂದು ಬೇಗ ಸವೆಯುತ್ತದೆ. ಅಲ್ಯುಮಿನಿಯಂ ಪಟ್ಟಿಗೆ ಹಿತ್ತಾಳೆ ನಟ್ಟು ಹಾಕಿದರೆ ಅಲ್ಯುಮಿನಿಯಂ ಬಿಳಿ ಹಿಟ್ಟಾಗಿ ಉದುರುವುದನ್ನು ಬೋಟಿನವರು ನೋಡಿದ್ದಾರೆ. ನಡುವೆ ಪ್ಲಾಸ್ಟಿಕ್ ಬಂದರೆ ಆ ಬ್ಯಾಟರಿಯೇ ಹುಟ್ಟುವುದಿಲ್ಲ. ವಿದ್ಯುತ್ ಹರಿಯದ ಈ ಗುಣವೇ ಕಂಟ್ರೋಲ್ ಪ್ಯಾನೆಲ್, ಮೀಟರ್ ಪೆಟ್ಟಿಗೆ, ಎಲೆಕ್ಟ್ರಾನಿಕ್ ಉಪಕರಣಗಳಲ್ಲೂ ಇದಕ್ಕೆ ಜಾಗ ಕೊಟ್ಟಿದೆ. ಔಷಧ, ಆಹಾರ ತಯಾರಿಸುವ ಕಡೆ ತುಕ್ಕಿನ ಚೂರು ಉದುರಬಾರದು ಎಂಬ ಕಾರಣಕ್ಕೆ ಯಂತ್ರದ ಮುಚ್ಚಳಗಳಿಗೆ ಬಳಸುತ್ತಾರೆ. ಬಣ್ಣ ಬಳಿದ ತಗಡಿಗೆ ಹಾಕಿದರೆ ಗೀರು ಬೀಳುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ತೋಟದವರಿಗೆ ಇದರ ಸಂಬಂಧ ಬೇಗ ಅರ್ಥವಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮಲ್ಲಿ ಮನೆಮಾತು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ರೋಗಕ್ಕೆಂದು 1885ರ ಹೊತ್ತಿಗೆ ಮಿಲಾರ್ಡೆ ಬೆಳಕಿಗೆ ತಂದ ಮದ್ದು ಅದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಧ್ಯಯನ ಮಾಡಿ ಅಡಿಕೆಗೂ ಅದೇ ಮದ್ದನ್ನು ಶಿಫಾರಸು ಮಾಡಿದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯೇ ಎಂದು ನೋಡಲು ಹಿರಿಯರು ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರದ್ದು. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತ ಕರಗಿಸಲು ಕಬ್ಬಿಣದ ಪಾತ್ರೆ ಬೇಡ ಎಂದು ಹೇಳುವುದೂ ಇದಕ್ಕೇ. ಮದ್ದು ಕಲಸುವ ಡ್ರಮ್ಮಿನಲ್ಲಿ, ಸ್ಪ್ರೇಯರಿನಲ್ಲಿ ಕಬ್ಬಿಣದ ನಟ್ಟಿದ್ದರೆ ಅದಕ್ಕೆ ಇದೇ ಗತಿ. ಹಿಂದೆ ಅಲ್ಲೆಲ್ಲ ಹಿತ್ತಾಳೆ ಇತ್ತು. ಈಗ ಬಹಳ ಕಡೆ ಪ್ಲಾಸ್ಟಿಕ್.

ಕೊಳೆಮದ್ದಿಗೆ ಹೊತ್ತು ಮುಖ್ಯ. ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು 40-45 ದಿನ ಕಳೆದ ಮೇಲೆ ಇನ್ನೊಮ್ಮೆ. ಎರಡನೆಯದು ಬೀಳುವುದು ಆಷಾಢ, ಶ್ರಾವಣದ ಜಡಿಮಳೆಯ ನಡುವೆ. ಎರಡು ದಿನ ಹೊಳವಾದರೆ ಆ ಎರಡೇ ದಿನದಲ್ಲಿ ಎಲ್ಲರಿಗೂ ಕೊನೆಗೌಡ ಬೇಕು, ಪಂಪು ಬೇಕು. ಆ ಹೊತ್ತಿನಲ್ಲಿ ನಟ್ಟೊಂದು ಮುರಿದು ಪಂಪು ನಿಂತರೆ ಒಂದು ವರ್ಷದ ಫಸಲು ಅದರ ಮೇಲೆ ನಿಂತಂತೆ. ಚಹಾದ ಬೆಲೆಯೂ ಇಲ್ಲದ ವಸ್ತುವಿಗೆ ಎಷ್ಟು ದೊಡ್ಡ ಗಂಟು ಕಟ್ಟಿದ್ದೇವೆ ನೋಡಿ.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ಮಿತಿಯನ್ನೂ ಹೇಳದಿದ್ದರೆ ಬರಹ ಜಾಹೀರಾತಾದೀತು. ನೈಲಾನಿನ ತಾಳಿಕೆ ಸಾಧಾರಣ ಉಕ್ಕಿನ ಸುಮಾರು ಐದರಲ್ಲೊಂದು ಪಾಲು. ಸದಾ ಭಾರ ಬಿದ್ದರೆ ಅದು ಮುರಿಯದೆಯೂ ನಿಧಾನಕ್ಕೆ ಹಿಗ್ಗಿ ಹಿಡಿತ ಬಿಡುತ್ತದೆ. ನೈಲಾನ್-6 ಸುಮಾರು 220 ಡಿಗ್ರಿಯಲ್ಲಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲೇ. ಹಾಗಾಗಿ ಎಂಜಿನ್ನಿನ ಬಳಿ ಅದಕ್ಕೆ ಕೆಲಸವಿಲ್ಲ. ಬಿಸಿಲು ಬಿಳಿ ನೈಲಾನಿನ ವೈರಿ, ಒಂದೆರಡು ಬೇಸಿಗೆಯಲ್ಲಿ ಪುಡಿಪುಡಿಯಾಗುತ್ತದೆ. ಹೊರಗೆ ಹಾಕುವುದಿದ್ದರೆ ಕಪ್ಪು ಬಣ್ಣದ್ದನ್ನು ಕೇಳಿ, ಅದರಲ್ಲಿ ಬೆರೆಸಿದ ಮಸಿ ಬಿಸಿಲನ್ನು ತಡೆಯುತ್ತದೆ. ಇನ್ನು ಅಲುಗಾಟ. ಕೈಯಲ್ಲಿ ಬಿಗಿದದ್ದು ಕಂಪನಕ್ಕೆ ಸಡಿಲವಾಗುತ್ತದೆ. ಅದಕ್ಕೆ ಬೇರೆ ನಟ್ಟಿದೆ, ನೈಲಾಕ್ ಎನ್ನುತ್ತಾರೆ. ಹೊರಗೆ ಉಕ್ಕು, ಒಳಗೆ ನೈಲಾನಿನ ಸಣ್ಣ ಬಳೆ. ಬೋಲ್ಟಿನ ಹಲ್ಲು ಆ ಬಳೆಯನ್ನು ಕಚ್ಚಿಕೊಂಡು ನಿಲ್ಲುತ್ತದೆ. ಬಲ ಉಕ್ಕಿನದು, ಹಿಡಿತ ನೈಲಾನಿನದು.

ಅದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ದಿನ ನಾವು ಕೂತಿದ್ದಾಗ ಒಬ್ಬ ಹುಡುಗ ಬಂದ. ತೆಂಗಿನ ಮರ ಹತ್ತುವ ಯಂತ್ರದ ಬೋಲ್ಟ್ ಹಿಡಿದುಕೊಂಡಿದ್ದ. ನಟ್ಟು ತುಕ್ಕು ಹಿಡಿದು ತಿರುಗುತ್ತಿಲ್ಲ, ಈ ಅಳತೆಯ ಪ್ಲಾಸ್ಟಿಕ್ ರೆಕ್ಕೆ ನಟ್ಟು ಕೊಡಿ, ಅದಾದರೆ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಿಗಿಯಬಹುದು ಎಂದ. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಅಳತೆಯ ನಟ್ಟು ಕಪಾಟಿನಲ್ಲಿ ಇತ್ತು. ಮಾಮ ಕೊಡಲಿಲ್ಲ.

'ದುಡ್ಡು ಕೊಡ್ತೆ ಅಲ್ದಾ?' ಎಂದ ಹುಡುಗ.

'ನಿನ್ನ ದುಡ್ಡು ನನಗೆ ಬೇಡ ತಮ್ಮಾ. ಮನುಷ್ಯನ ಭಾರ ಹೊರುವ ಜಾಗಕ್ಕೆ ಇದನ್ನು ಕೊಡೂದಿಲ್ಲ. ಸ್ಟೀಲಿನದ್ದು ತಗೊಂಡು ಹೋಗು, ಸ್ಪ್ಯಾನರ್ ಹಾಕಿ ಬಿಗಿ. ಇವತ್ತು ದುಡ್ಡಿಲ್ಲದಿದ್ರೆ ನಾಳೆ ಕೊಡು.'

ಹುಡುಗ ಗೊಣಗುತ್ತಲೇ ಸ್ಟೀಲಿನದ್ದು ತೆಗೆದುಕೊಂಡು ಹೋದ. ಆ ಮಾರಾಟದಲ್ಲಿ ಯಾವ ದಾಖಲೆಯೂ ಇಲ್ಲ, ಯಾವ ನಿಯಮವೂ ಕೆಲಸ ಮಾಡಲಿಲ್ಲ. ಕೌಂಟರಿನ ಹಿಂದೆ ವಸ್ತುವನ್ನು ಬಲ್ಲ ಒಬ್ಬ ಮನುಷ್ಯ ಇದ್ದರು, ಅಷ್ಟೇ. ಮೊಬೈಲಿನಲ್ಲಿ ಆರ್ಡರ್ ಮಾಡಿದ್ದರೆ ಆ ನಟ್ಟು ಮೂರು ದಿನದಲ್ಲಿ ಅವನ ಮನೆಗೆ ಬಂದಿರುತ್ತಿತ್ತು, ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ನಮ್ಮ ಕಡೆ ಇಂಥ ಅಂಗಡಿಗಳು ಒಂದೊಂದಾಗಿ ಮುಚ್ಚುವಾಗ ವ್ಯಾಪಾರದ ಜೊತೆ ಈ 'ಕೊಡೂದಿಲ್ಲ' ಎನ್ನುವ ಮಾತೂ ಹೋಗುತ್ತದೆ.

ಎಲ್ಲ ಪ್ಲಾಸ್ಟಿಕ್ ನಟ್ಟೂ ಒಂದೇ ಗುಣದ್ದಲ್ಲ ಎಂದು ನಮಗೆ ತಿಳಿದದ್ದು ಪೀಣ್ಯದಲ್ಲಿ ಮೋಲ್ಡಿಂಗ್ ಯಂತ್ರ ನಡೆಸುವ ನಮ್ಮೂರ ಹುಡುಗನಿಂದ. ರಾತ್ರಿ ಪಾಳಿ ಮುಗಿಸಿ ಫೋನ್ ಮಾಡಿದ್ದ. ನೈಲಾನ್ ಕಾಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತದಂತೆ. ಹಾಗಾಗಿ ಅಚ್ಚಿಗೆ ಹಾಕುವ ಮೊದಲು 80 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸಬೇಕು. ಅವಸರ ಮಾಡಿದರೆ ನಟ್ಟಿನ ಮೈಮೇಲೆ ಬೆಳ್ಳಿಯಂಥ ಗೆರೆ ಬರುತ್ತದೆ, ಒಳಗೆ ಟೊಳ್ಳಾಗುತ್ತದೆ. ಅಚ್ಚಿನಲ್ಲಿ ಉಳಿದ ಕಡ್ಡಿಗಳನ್ನು ಪುಡಿ ಮಾಡಿ ಮತ್ತೆ ಬೆರೆಸುತ್ತಾರೆ. ಸ್ವಲ್ಪ ಬೆರೆಸಿದರೆ ತೊಂದರೆಯಿಲ್ಲ, ಹೆಚ್ಚಾದಷ್ಟೂ ನಟ್ಟು ಒಡೆಯುವುದು ಸುಲಭ. 'ಅಣ್ಣಾ, ಹೊರಗಿಂದ ನೋಡಿದ್ರೆ ಎರಡೂ ಒಂದೇ. ಬಿಗಿದಾಗ ಗೊತ್ತಾಗ್ತದೆ' ಎಂದ. ಒಂದು ಚೋದ್ಯವನ್ನೂ ಹೇಳಿದ: ಅಚ್ಚಿನಿಂದ ಬಂದ ಹೊಸ ನೈಲಾನ್ ಬಹಳ ಒಣಗಿರುವುದರಿಂದ ಪೆಡಸು, ತೇವ ಹೀರಿಕೊಂಡ ಮೇಲೆ ಜಿಗುಟಾಗುತ್ತದೆ. ಕೆಲವು ಕಡೆ ಬಿಸಿನೀರಿನಲ್ಲಿ ನೆನೆಸಿಯೇ ಕಳಿಸುತ್ತಾರೆ. ಹಾಗಾದರೆ ನಮ್ಮೂರ ಮಳೆಗಾಲ ಕಬ್ಬಿಣವನ್ನು ಕೊಲ್ಲುತ್ತದೆ, ನೈಲಾನನ್ನು ಹದ ಮಾಡುತ್ತದೆ. ಈ ಮಾತು ನಮಗೆ ಇಷ್ಟವಾಯಿತು.

ನಮ್ಮ ವೃತ್ತಿಗೂ ಈ ನಟ್ಟಿಗೂ ನೇರ ನಂಟಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಜಿಲ್ಲೆಯ ಸ್ಟ್ರಿಂಗರುಗಳೆಲ್ಲ ಗಂಗಾವಳಿ ನದಿಯ ದಂಡೆಯಲ್ಲಿ ದಿನಗಟ್ಟಲೆ ನಿಂತಿದ್ದೆವು. ಮಣ್ಣಿನೊಂದಿಗೆ ನದಿಗೆ ಹೋದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಮಳೆಯಲ್ಲಿ ಮೊಬೈಲ್ ಹಿಡಿದು ಗಂಟೆಗಟ್ಟಲೆ ಕಾಯಲು ಟ್ರೈಪಾಡ್ ಬೇಕೇ ಬೇಕು. ಅಲ್ಲಿ ನಮ್ಮ ಟ್ರೈಪಾಡಿನ ಕತ್ತು ಬಿಗಿಯುವ ಪ್ಲಾಸ್ಟಿಕ್ ತಿರುಪು ಚಟ್ಟೆಂದು ಎರಡಾಯಿತು. ಕಂಪನಿಗೆ ಫೋನ್ ಮಾಡಿದರೆ ಬಿಡಿಭಾಗ ಮಾರುವುದಿಲ್ಲ, ಹೊಸ ಟ್ರೈಪಾಡ್ ತೆಗೆದುಕೊಳ್ಳಿ ಎಂಬ ಉತ್ತರ. ಅದರ ಬೆಲೆ ಎಂದರೆ ನಮಗೆ ಎಷ್ಟೋ ಸುದ್ದಿಗಳ ದುಡ್ಡು. ಶಿರಾಲಿಗೆ ಬಂದು ಮಾಮನ ಅಂಗಡಿಯಲ್ಲಿ ಹಳೇ ಬೋಲ್ಟ್ ಕೊಟ್ಟೆವು. ಅವರು ಡಬ್ಬ ಅಲ್ಲಾಡಿಸಿ ಎಂ6ರ ಕಪ್ಪು ರೆಕ್ಕೆ ನಟ್ಟೊಂದನ್ನು ಹೆಕ್ಕಿ ತೆಗೆದರು. ಹೊಂದಿತು. ಆ ಟ್ರೈಪಾಡ್ ಈಗಲೂ ನಡೆಯುತ್ತಿದೆ.

ಕೇಂದ್ರ ಸರಕಾರ 2022ರಲ್ಲಿ 'ರೈಟ್ ಟು ರಿಪೇರ್' ಎಂಬ ಪೋರ್ಟಲ್ ಶುರು ಮಾಡಿದೆ. ಮೊಬೈಲ್, ವಾಹನ, ಮನೆ ಬಳಕೆಯ ಯಂತ್ರ, ಕೃಷಿ ಉಪಕರಣಗಳ ದುರಸ್ತಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ಸ್ಪ್ರೇಯರಿನ ಮುಚ್ಚಳದ ನಟ್ಟು ಮುರಿದವನಿಗೆ ಪೋರ್ಟಲಿಗಿಂತ ಮೊದಲು ಬೇಕಾದದ್ದು ಆ ನಟ್ಟು ಸಾಮಾನ್ಯ ಅಳತೆಯದ್ದಾಗಿರುವುದು. ಎಂ6, ಎಂ8 ಎಂಬ ಅಳತೆಗಳು ಲೋಕಕ್ಕೆಲ್ಲ ಒಂದೇ. ಕಂಪನಿಯವರು ಆ ಅಳತೆಗೇ ಅಂಟಿಕೊಂಡರೆ ಶಿರಾಲಿಯ ಡಬ್ಬದಲ್ಲೂ ಅದಕ್ಕೆ ಜೋಡಿ ಸಿಗುತ್ತದೆ. ತಮ್ಮದೇ ವಿಶೇಷ ಅಳತೆ ಮಾಡಿಕೊಂಡರೆ ನಟ್ಟಿಗಾಗಿ ಇಡೀ ಯಂತ್ರ ಗುಜರಿಗೆ.

ಹಾಗೆ ಗುಜರಿಗೆ ಹೋದದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಊರಲ್ಲಿ ಕೊನೆಗೆ ಎಲ್ಲವೂ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಅಂಗಡಿಯಲ್ಲಿ ತುಕ್ಕು ಹಿಡಿಯುವುದಿಲ್ಲ ಎನ್ನುವುದು ಗುಣ. ಸಮುದ್ರದಲ್ಲಿ ಅದೇ ದೋಷ. ಕಬ್ಬಿಣದ ನಟ್ಟು ಹತ್ತಾರು ವರ್ಷದಲ್ಲಿ ಮಣ್ಣಾಗುತ್ತದೆ. ನೈಲಾನ್ ಆಗುವುದಿಲ್ಲ, ಸಣ್ಣ ಸಣ್ಣ ಚೂರಾಗುತ್ತದೆ ಅಷ್ಟೇ. ಲೋಟದ ನೀರಿನ ಪರೀಕ್ಷೆ ಇಲ್ಲೂ ನಡೆಯುತ್ತದೆ. ತೇಲುವ ಜಾತಿ ದಡಕ್ಕೆ ಬಂದು ನಮ್ಮ ಕಣ್ಣಿಗೆ ಬೀಳುತ್ತದೆ. ಮುಳುಗುವ ನೈಲಾನ್ ತಳದಲ್ಲೇ ಉಳಿಯುತ್ತದೆ. ಟ್ರಾಲ್ ಬಲೆ ಎಳೆಯುವವರು ಮಾತ್ರ ಅದನ್ನು ಮೀನಿನ ಜೊತೆ ಮೇಲೆ ತರುತ್ತಾರೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ನಟ್ಟು ಆ ಪಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಒಮ್ಮೆ ಬಳಸಿ ಎಸೆಯುವ ಲೋಟವೂ ಹತ್ತು ವರ್ಷ ಬಾಳುವ ನಟ್ಟೂ ಒಂದೇ ಅಲ್ಲ. ಆದರೆ ಹತ್ತು ವರ್ಷ ಬಾಳಬೇಕಾದ ನಟ್ಟನ್ನು ಕಳಪೆ ಮಾಲಿನಲ್ಲಿ ಮಾಡಿ ಎರಡು ವರ್ಷಕ್ಕೆ ಒಡೆಯುವಂತೆ ಮಾಡಿದರೆ ಅದೂ ಲೋಟದ ಸಾಲಿಗೇ ಬಂದು ನಿಲ್ಲುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬೋಟಿನವರು ರಿಪೇರಿ ಮಾಡಿಸುವುದು ಆಗಲೇ. ತೋಟದವರ ಎರಡನೇ ಮದ್ದೂ ಆ ಹೊತ್ತಿಗೇ. ಹಾಗಾಗಿ ಜುಲೈ ತಿಂಗಳಲ್ಲಿ ಮಾಮನ ಅಂಗಡಿಯಲ್ಲಿ ರೆಕ್ಕೆ ನಟ್ಟಿನ ಡಬ್ಬ ಬೇಗ ಖಾಲಿಯಾಗುತ್ತದೆ. ಈ ವರ್ಷ ಅವರು ಕೌಂಟರಿನ ಮೇಲೆ ಇನ್ನೊಂದು ಖಾಲಿ ಡಬ್ಬ ಇಟ್ಟಿದ್ದಾರೆ. ಒಡೆದ ಪ್ಲಾಸ್ಟಿಕ್ ನಟ್ಟನ್ನು ರಸ್ತೆಗೆ ಎಸೆಯದೆ ಅದರಲ್ಲಿ ಹಾಕಿ ಎಂದು ಗಿರಾಕಿಗಳಿಗೆ ಹೇಳುತ್ತಾರೆ. ತುಂಬಿದ ಮೇಲೆ ಗುಜರಿಯವನಿಗೆ ಕೊಡುತ್ತಾರಂತೆ. ಆ ಹಣ ದೊಡ್ಡದೇನಲ್ಲ. ಮೊನ್ನೆ ನಾವು ಹೋದಾಗ ಡಬ್ಬದ ತಳ ಮುಚ್ಚುವಷ್ಟು ನಟ್ಟು ಬಿದ್ದಿತ್ತು, ಬಹಳಷ್ಟು ಬಿಳಿಯವು, ಬಿಸಿಲಿಗೆ ಸುಟ್ಟವು. ಒಂದನ್ನು ಕೈಗೆತ್ತಿಕೊಂಡು ಮಾಮ ಹೇಳಿದರು: 'ಇದನ್ನು ಹೊರಗೆ ಹಾಕಬೇಡಿ, ಕಪ್ಪು ತಗೊಳ್ಳಿ ಅಂತ ನಿಮ್ಮ ಪೇಪರಿನಲ್ಲಿ ಒಂದು ಸಾಲು ಬರೆಯಿರಿ.' ಪೇಪರಿನಲ್ಲಿ ಜಾಗ ಸಿಗಲಿಲ್ಲ. ಇಲ್ಲಿ ಬರೆದಿದ್ದೇವೆ.